ಹತ್ತದ ಕೆಂಪು ದೀಪ

"ಕೀಲಿ ತಿರುಗಿಸು. ಎಂಜಿನ್ ಎಬ್ಬಿಸ್ಬೇಡ, ಕೀಲಿ ಮಾತ್ರ," ಎಂದಳು ದೊಡ್ಡಮ್ಮ, ಬಾನೆಟ್ಟಿನ ಮರೆಯಿಂದ.

ಆಂಬುಲೆನ್ಸಿನ ಸ್ಟೇರಿಂಗಿನ ಹಿಂದೆ ಕುಳಿತಿದ್ದ ಸಬ್ ಇನ್‌ಸ್ಪೆಕ್ಟರ್ ಕೀಲಿಯನ್ನು ಒಂದೇ ಹಂತ ತಿರುಗಿಸಿದಳು. ಠಾಣೆಯಲ್ಲಿ ಅವಳು ಹೇಳಿದ್ದನ್ನು ಹತ್ತು ಜನ ಕೇಳುತ್ತಿದ್ದರು. ಇಲ್ಲಿ, ಆಸ್ಪತ್ರೆಯ ಹಿಂದಿನ ವಾಹನ ಶೆಡ್ಡಿನಲ್ಲಿ, ಅಮ್ಮನ ಅಕ್ಕ ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು.

"ಏನೇನು ಹತ್ತಿತು?"

"ಆಯಿಲ್ ದೀಪ. ಹ್ಯಾಂಡ್ ಬ್ರೇಕ್ ದೀಪ. ಹಳದಿದೊಂದು, ಸ್ಪ್ರಿಂಗ್ ಥರ ಇದೆ."

"ಏನು ಹತ್ತಲಿಲ್ಲ?"

ಸಬ್ ಇನ್‌ಸ್ಪೆಕ್ಟರ್ ತಡವರಿಸಿದಳು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದಲ್ಲಿ ಏನಾಯಿತು ಎಂದು ಎಷ್ಟು ಜನರನ್ನು ಕೇಳಿದ್ದಳೋ. ಏನಾಗಲಿಲ್ಲ ಎಂದು ಒಬ್ಬರನ್ನೂ ಕೇಳಿದ ನೆನಪಿರಲಿಲ್ಲ. ಕತ್ತು ಬಗ್ಗಿಸಿ ಡ್ಯಾಶ್‌ಬೋರ್ಡಿನ ಗಾಜಿನ ಹಿಂದೆ ಹುಡುಕಿದಳು. ಎಡ ಮೂಲೆಯಲ್ಲಿ ಬ್ಯಾಟರಿಯ ಪುಟ್ಟ ಚಿತ್ರವೊಂದು ಕಪ್ಪಗೆ, ಮುಖ ಊದಿಸಿಕೊಂಡಂತೆ ಕುಳಿತಿತ್ತು.

"ಬ್ಯಾಟರಿ ಚಿತ್ರ ಇದೆಯಲ್ಲ, ಅದು ಹತ್ತಿಲ್ಲ ದೊಡ್ಡಮ್ಮ."

"ಹಾಗಿದ್ರೆ ನಿನ್ನ ಡ್ರೈವರ್ ಸುಳ್ಳು ಹೇಳಿಲ್ಲ."

ಶೆಡ್ಡಿನ ಬಾಗಿಲ ಬಳಿ ಹಳೆಯ ಟೈರಿನ ಮೇಲೆ ಕುಳಿತಿದ್ದ ಡ್ರೈವರ್ ತಲೆಯೆತ್ತಿದ. ಬಾಯಿ ಮುಚ್ಚಿದ್ದು ಯಾರೂ ಕಂಡಿಲ್ಲವೆಂದು ಆಸ್ಪತ್ರೆಯವರೆಲ್ಲ ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು. ನಿನ್ನೆಯಿಂದ ಆ ರೇಡಿಯೋ ಮೂಕವಾಗಿತ್ತು.

ನಿನ್ನೆ, ಬುಧವಾರ ಮಧ್ಯಾಹ್ನ, ಕಾಲು ಮುರಿದುಕೊಂಡ ಮುದಿ ಸರ್ವೇಯರನ್ನು ದೊಡ್ಡಾಸ್ಪತ್ರೆಗೆ ಸಾಗಿಸುತ್ತಿದ್ದ ಈ ವಾಹನ ರೈಲು ಸೇತುವೆಯ ಕೆಳಗೆ ತಟ್ಟನೆ ನಿಂತಿತ್ತು. ಫೋನಿಗೆ ಸಿಗ್ನಲ್ ಸಿಗದೆ ಸಹಾಯ ಹುಡುಕಿ ಹೋದ ರೇಡಿಯೋ ಹನ್ನೆರಡು ನಿಮಿಷಕ್ಕೆ ಮರಳಿದಾಗ, ನೋವಿನ ಮದ್ದಿಗೆ ಮಂಪರಾಗಿದ್ದ ಸರ್ವೇಯರ್ ಮಲಗಿದಲ್ಲೇ ಇದ್ದರು, ಅವರ ಎದೆಯ ಮೇಲಿದ್ದ, ಒತ್ತುವರಿ ಬಯಲು ಮಾಡಬಲ್ಲ ಕೆರೆಯ ಮೂಲ ನಕ್ಷೆ ಮಾತ್ರ ಮಾಯವಾಗಿತ್ತು.

ಹಣ ತಿಂದ ಡ್ರೈವರೇ ಬೇಕೆಂದು ಗಾಡಿ ನಿಲ್ಲಿಸಿದ್ದಾನೆ ಎಂಬುದು ಇನ್‌ಸ್ಪೆಕ್ಟರರ ತೀರ್ಮಾನ. ನಾಲ್ಕು ಗಂಟೆಗೆ ಜೀಪು ಬರುವುದಿತ್ತು. ಅಷ್ಟರೊಳಗೆ ಗಾಡಿ ತಾನಾಗಿ ನಿಂತಿತೆಂದು ಸಾಬೀತಾಗದಿದ್ದರೆ ರೇಡಿಯೋ ಲಾಕಪ್ಪಿಗೆ. ಈಗ ಎರಡು ಗಂಟೆ ಹತ್ತು ನಿಮಿಷ.

"ಸುಳ್ಳಲ್ಲ ಅಂತ ಹೇಗೆ ಹೇಳ್ತೀರಮ್ಮ?" ಕೈ ಒರೆಸುವ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡು ಶೆಡ್ಡಿನ ಮೇಸ್ತ್ರಿ ಮುಂದೆ ಬಂದ. ದೊಡ್ಡ ಮೀಸೆ, ದೊಡ್ಡ ದನಿ. "ಕೆಂಪು ದೀಪ ಬರ್ಲೇ ಇಲ್ಲ ಅಂತಾನೆ ಇವನು. ಚಾರ್ಜ್ ನಿಂತ್ರೆ ಆ ದೀಪ ಬಂದೇ ಬರುತ್ತೆ. ನಾನು ಈ ಶೆಡ್ಡಿಗೆ ಸೇರಿದಾಗ ಮೇಡಂ ಇನ್ನೂ ತೊಟ್ಟಿಲಲ್ಲಿದ್ರು, ಅವತ್ತಿಂದ ನೋಡ್ತಿದ್ದೀನಿ."

"ಮೇಡಂ ತೊಟ್ಟಿಲಲ್ಲಿದ್ದಾಗ ತೂಗಿದ್ದು ನಾನೇ," ಎಂದಳು ದೊಡ್ಡಮ್ಮ. "ಮೇಸ್ತ್ರಿಗಳೇ, ಎಂಜಿನ್ ಓಡದೆ ಇರುವಾಗ ಬರೀ ಕೀಲಿ ತಿರುಗಿಸಿದ್ರೆ ಆ ದೀಪ ಹತ್ತಬೇಕೋ ಬೇಡ್ವೋ?"

ಮೇಸ್ತ್ರಿ ಹೆಗಲ ಬಟ್ಟೆ ಸರಿಸಿಕೊಂಡ. "ಹತ್ತಬೇಕು."

"ಹತ್ತಲಿಲ್ಲ. ಬಂದ ದೀಪ ಕಣ್ಣಿಗೆ ಬೀಳುತ್ತೆ. ಬರದೆ ಇದ್ದದ್ದು ಪಾಪ, ಯಾರ ಕಣ್ಣಿಗೆ ಬೀಳ್ಬೇಕು?"

ರೇಡಿಯೋ ಗಂಟಲು ಸರಿಮಾಡಿಕೊಂಡ. "ಇಪ್ಪತ್ತೆರಡು ವರ್ಷ ಆಯ್ತಮ್ಮ. ಒಬ್ಬ ರೋಗೀನೂ ದಾರೀಲಿ ಬಿಟ್ಟವನಲ್ಲ ನಾನು," ಎಂದ. ಅಷ್ಟು ಹೇಳಿ ಮತ್ತೆ ನೆಲ ನೋಡಿದ.

ಗಂಡನ ಹಳೆಯ ಖಾಕಿ ಅಂಗಿಯ ತೋಳು ಮಡಿಸಿಕೊಂಡು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಿದ್ದ ದೊಡ್ಡಮ್ಮನನ್ನು ನೋಡಿ ಮೇಸ್ತ್ರಿ ಮೊದಲು ಮೂಗು ಮುರಿದಿದ್ದ. ಪೊಲೀಸರಿಗೆ ಗಾಡಿ ರಿಪೇರಿ ಮಾಡುವವರು ಸಿಗದೆ ಮನೆಯ ಹಿರಿಯರನ್ನು ಕರೆತಂದರೇ ಎಂದು ಕೇಳಿದ್ದ. ದೊಡ್ಡಮ್ಮ ಅದನ್ನು ಕೇಳಿಯೂ ಕೇಳಿಸದಂತೆ ಚೀಲ ಬಿಚ್ಚಿದ್ದಳು. ಮೂವತ್ತೊಂಬತ್ತು ವರ್ಷ ವಾಹನಗಳ ವೈರಿಂಗ್ ಅಂಗಡಿ ನಡೆಸಿದವಳು ಅವಳು. ಆ ಚೀಲದಲ್ಲಿ ಒಂದು ಮೀಟರು, ಎರಡು ಸ್ಕ್ರೂ ಡ್ರೈವರು, ಲೋಹ ಉಜ್ಜುವ ಒಂದು ಅರ, ಮತ್ತು ಅವಳೇ ಮಾಡಿಕೊಂಡ ಒಂದು ದೀಪ ಇತ್ತು. ಗೋಲಿಯಷ್ಟು ಬಲ್ಬು, ಅದಕ್ಕೆ ಎರಡು ತಂತಿ. ಒಂದರ ತುದಿಗೆ ಕಚ್ಚುವ ಕ್ಲಿಪ್ಪು, ಇನ್ನೊಂದರ ತುದಿಗೆ ಗೋಣಿ ಹೊಲಿಯುವ ಸೂಜಿ.

"ಇನ್ನೊಂದು ಕೇಳ್ತೀನಿ," ಮೇಸ್ತ್ರಿ ಬಿಡಲಿಲ್ಲ. "ಇದು ಡೀಸೆಲ್ ಎಂಜಿನ್. ಒಂದ್ಸಲ ಹತ್ಕೊಂಡ್ರೆ ಮುಗೀತು, ಓಡೋಕೆ ಕರೆಂಟೇ ಬೇಡ. ಬ್ಯಾಟರಿ ಕಿತ್ತು ಮನೇಲಿಟ್ಟು ಬಂದ್ರೂ ಓಡುತ್ತೆ. ಯಾರೋ ಕೀಲಿ ತಿರುಗಿಸಿ ಆಫ್ ಮಾಡದೆ ಅದು ಹೇಗೆ ನಿಲ್ಲುತ್ತೆ? ಇನ್‌ಸ್ಪೆಕ್ಟರ್ ಸಾಹೇಬರಿಗೂ ಇದನ್ನೇ ಬರ್ಕೊಟ್ಟಿದ್ದೀನಿ."

ಸಬ್ ಇನ್‌ಸ್ಪೆಕ್ಟರಿಗೆ ಗೊತ್ತಿತ್ತು, ರೇಡಿಯೋನ ಕೊರಳಿಗೆ ಬಿಗಿದಿದ್ದು ಇದೇ ಮಾತಿನ ಉರುಳು. ಅವಳು ದೊಡ್ಡಮ್ಮನ ಮುಖ ನೋಡಿದಳು.

"ಪುಟ್ಟಿ, ಸ್ಟಾರ್ಟ್ ಮಾಡು," ಎಂದಳು ದೊಡ್ಡಮ್ಮ. ಯೂನಿಫಾರ್ಮ್ ಹಾಕಿದ ದಿನದಿಂದ ಆ ಹೆಸರು ನಾಲ್ಕು ಜನರೆದುರು ಬೇಡವೆಂದು ಪುಟ್ಟಿ ಬೇಡಿಕೊಂಡಿದ್ದಳು. ಏನೂ ಪ್ರಯೋಜನವಾಗಿರಲಿಲ್ಲ.

ರಾತ್ರಿಯೆಲ್ಲ ಚಾರ್ಜಿಗಿಟ್ಟಿದ್ದ ಬ್ಯಾಟರಿ ಎಂಜಿನ್ನನ್ನು ಒಂದೇ ಉಸಿರಿಗೆ ಎಬ್ಬಿಸಿತು. ದೊಡ್ಡಮ್ಮ ಮೇಸ್ತ್ರಿಯನ್ನು ಹತ್ತಿರ ಕರೆದು, ಡೀಸೆಲ್ ಪಂಪಿನ ಮೇಲೆ ಹೆಬ್ಬೆರಳಿನಷ್ಟು ದಪ್ಪಕ್ಕೆ ಎದ್ದುನಿಂತಿದ್ದ ಲೋಹದ ಗುಬಟು ತೋರಿಸಿದಳು. ಅದರ ನೆತ್ತಿಗೆ ಒಂದೇ ಒಂದು ವೈರು.

"ಇದು ಯಾತಕ್ಕೆ?"

"ಕೀಲಿ ಆಫ್ ಮಾಡಿದ್ರೆ ಎಂಜಿನ್ ನಿಲ್ಸೋಕೆ."

"ಹೇಗೆ ನಿಲ್ಲಿಸುತ್ತೆ?"

ಮೇಸ್ತ್ರಿ ಮೀಸೆ ತೀಡಿದ. ದೊಡ್ಡಮ್ಮ ಕಾಯಲಿಲ್ಲ. ಎರಡು ಬೆರಳಲ್ಲಿ ಆ ವೈರನ್ನು ಕಿತ್ತಳು. ಎಂಜಿನ್ ಒಮ್ಮೆ ಮೈ ಕೊಡವಿ, ಮಾತಿನ ನಡುವೆ ಬಾಯಿಗೆ ಕೈ ಅಡ್ಡ ಬಂದಂತೆ ನಿಂತುಹೋಯಿತು. ಕೀಲಿ ಇನ್ನೂ ಸಬ್ ಇನ್‌ಸ್ಪೆಕ್ಟರ ಕೈಯಡಿಯಲ್ಲಿ ಆನ್ ಆಗಿಯೇ ಇತ್ತು.

"ಇದೊಂದು ಬಾಗಿಲು," ಎಂದಳು ದೊಡ್ಡಮ್ಮ. "ಕರೆಂಟ್ ಬಾಗಿಲನ್ನ ಎತ್ತಿ ಹಿಡಿದಿರುತ್ತೆ, ಡೀಸೆಲ್ ಒಳಗೆ ಹೋಗ್ತಿರುತ್ತೆ. ಕರೆಂಟ್ ಸತ್ರೆ ಬಾಗಿಲು ತಾನೇ ಬೀಳುತ್ತೆ. ನೀವು ಹೇಳಿದ್ದು ಹಳೇ ಲಾರಿಗಳಿಗೆ ನಿಜ. ಅವಕ್ಕೆ ಕೈಯಲ್ಲಿ ಎಳೆಯೋ ಸರಿಗೆ ಇತ್ತು. ಇದಕ್ಕಲ್ಲ."

"ಅದೇ ಅಮ್ಮ," ರೇಡಿಯೋ ಎದ್ದುನಿಂತ. ಸ್ಟೇಷನ್ ಸಿಕ್ಕಿತ್ತು. "ಮೊದ್ಲು ಮೇಲಿನ ದೀಪ ಮಂಕಾಯ್ತು, ಆಮೇಲೆ ಸೈರನ್ ನೆಗಡಿ ಬಂದೋರ ಹಾಗೆ ಎಳೆಯೋಕೆ ಶುರು ಮಾಡ್ತು, ಹಿಂದಿನ ಫ್ಯಾನು ರೆಕ್ಕೆ ಎಣಿಸೋ ಹಾಗಾಯ್ತು, ಸರ್ವೇಯರ್ ಸೆಕೆ ಅಂದ್ರು, ನಾನು ಇನ್ನೇನು ಬಂತು ಅಂದೆ, ಅಷ್ಟರಲ್ಲಿ ಎಂಜಿನ್ ಗಪ್. ಇದನ್ನ ಮೂರು ಸಲ ಹೇಳಿದ್ದೀನಿ, ಯಾರೂ ಬರ್ಕೊಳ್ಲೇ ಇಲ್ಲ."

ಸಬ್ ಇನ್‌ಸ್ಪೆಕ್ಟರ್ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಬರೆಯುವಾಗ ಕಿವಿ ಬಿಸಿಯಾಯಿತು. ಮೂರರಲ್ಲಿ ಒಂದು ಸಲ ಹೇಳಿದ್ದು ಅವಳ ಮುಂದೆಯೇ.

ವೈರು ಮತ್ತೆ ಸಿಕ್ಕಿಸಿ ಎಂಜಿನ್ ಓಡಿಸಿದರು. ದೊಡ್ಡಮ್ಮ ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದಳು. ಹನ್ನೆರಡೂ ಕಾಲು ವೋಲ್ಟ್. ನೋಡುನೋಡುತ್ತ ಇನ್ನೂ ಇಳಿಯಿತು.

"ಹದಿನಾಲ್ಕರ ಹತ್ತಿರ ಇರಬೇಕಿತ್ತು. ಬ್ಯಾಟರಿ ಕೊಡ್ತಾನೇ ಇದೆ, ಅದಕ್ಕೆ ಯಾರೂ ಏನೂ ಕೊಡ್ತಿಲ್ಲ."

"ಸಾಧ್ಯವೇ ಇಲ್ಲ," ಎಂದ ಮೇಸ್ತ್ರಿ. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರನ್ನು ಅವನು ಹಳೆಯ ರೂಢಿಯಂತೆ ಡೈನಮೋ ಎಂದೇ ಕರೆಯುತ್ತಿದ್ದ. "ನಿನ್ನೆ ಸಂಜೆ ಹೊಸ ಡೈನಮೋ ಹಾಕಿದ್ದೀನಿ. ಡಬ್ಬಿ ಒಡೆದು ಹಾಕಿದ್ದು. ಮೂರು ಗಂಟೆ ಬೆನ್ನು ಬಗ್ಗಿಸಿದ್ದೀನಿ."

"ಹಾಕಿದ ಮೇಲೆ ಮೀಟರ್ ಹಿಡಿದ್ರಾ?"

"ಸ್ಟಾರ್ಟ್ ಆಯ್ತಲ್ಲ, ಮತ್ಯಾಕೆ ಹಿಡೀಬೇಕು?"

ದೊಡ್ಡಮ್ಮ ನಗಲಿಲ್ಲ. ಅವಳ ಈ ಗುಣ ಸಬ್ ಇನ್‌ಸ್ಪೆಕ್ಟರಿಗೆ ಚಿಕ್ಕಂದಿನಿಂದ ಇಷ್ಟ. ಯಂತ್ರದ ಮುಂದೆ ತಪ್ಪು ಮಾಡಿದವರನ್ನು ಅವಳು ಹಂಗಿಸಿದ್ದಿಲ್ಲ. "ಎಲ್ರೂ ಹೀಗೇ ಮಾಡೋದು," ಎಂದಳು. "ಚಾರ್ಜ್ ಬರಲ್ಲ ಅಂದ ತಕ್ಷಣ ಡೈನಮೋ ಬಿಚ್ತಾರೆ. ಅದು ದೊಡ್ಡದಾಗಿ ಕಾಣುತ್ತಲ್ಲ, ತಪ್ಪೂ ಅದರದೇ ಇರಬೇಕು ಅಂತ. ನಾನು ಸಣ್ಣವರ ಕಡೆಯಿಂದ ಶುರು ಮಾಡ್ತೀನಿ."

ಎಂಜಿನ್ ಆಫ್ ಮಾಡಿಸಿ, ಕೀಲಿ ಆನ್ ಇಡಿಸಿ, ಬಗ್ಗಿ ಆಲ್ಟರ್ನೇಟರಿನ ಬೆನ್ನಿಗೆ ಕೈ ಹಾಕಿದಳು. ಅಲ್ಲಿ ಎರಡೇ ವೈರು. ಒಂದು ಕಿರುಬೆರಳಿನಷ್ಟು ದಪ್ಪ, ಇನ್ನೊಂದು ಬಳಪದಷ್ಟು ಸಣ್ಣ. ತನ್ನ ದೀಪದ ಕ್ಲಿಪ್ಪನ್ನು ಎಂಜಿನ್ನಿನ ಮೈಗೆ ಕಚ್ಚಿಸಿ, ಸೂಜಿಯನ್ನು ದಪ್ಪ ವೈರಿಗೆ ಮುಟ್ಟಿಸಿದಳು. ದೀಪ ಢಾಳಾಗಿ ಹತ್ತಿತು. ಸಣ್ಣ ವೈರನ್ನು ಕಿತ್ತು ಅದರ ತುದಿಗೆ ಮುಟ್ಟಿಸಿದಳು.

ಹತ್ತಲಿಲ್ಲ.

"ಸಿಕ್ತು," ಎಂದಳು, ಕಳೆದ ಗುಂಡಿ ಸಿಕ್ಕಿತೆನ್ನುವಷ್ಟು ಮೆಲ್ಲಗೆ.

"ಏನು ಸಿಕ್ತು?"

"ನೋಡು ಪುಟ್ಟಿ. ಡೈನಮೋ ಅನ್ನೋದು ಬಲಶಾಲಿ, ಆದ್ರೆ ಮಹಾ ಸೋಮಾರಿ. ತಾನಾಗಿ ಏಳಲ್ಲ. ಯಾರಾದ್ರೂ ಒಂದು ಚಿಟಿಕೆ ಕರೆಂಟ್ ಕೊಟ್ಟು ತಟ್ಟಿ ಎಬ್ಬಿಸ್ಬೇಕು. ಎದ್ದ ಮೇಲೆ ಊರಿಗೆಲ್ಲ ಹಂಚುತ್ತೆ. ಆ ಚಿಟಿಕೆ ಬರೋ ದಾರಿ ಈ ಸಣ್ಣ ವೈರು. ದಾರಿ ಖಾಲಿ ಇದೆ."

ಅವಳು ಸಣ್ಣ ವೈರನ್ನು ಪಕ್ಕಕ್ಕೆ ಸರಿಸಿ, ತನ್ನ ದೀಪದ ಕ್ಲಿಪ್ಪನ್ನು ಬ್ಯಾಟರಿಗೆ ಕಚ್ಚಿಸಿದಳು. ಸೂಜಿಯನ್ನು ಆಲ್ಟರ್ನೇಟರಿನಲ್ಲಿ ಆ ವೈರು ಕೂರುವ ಜಾಗಕ್ಕೆ ಒತ್ತಿ ಹಿಡಿದಳು. ಗೋಲಿಯಷ್ಟು ಬಲ್ಬು ಕೆಂಡದಂತೆ ಹತ್ತಿತು.

"ಎಬ್ಬಿಸು."

ಎಂಜಿನ್ ಎದ್ದಿತು. ಸಬ್ ಇನ್‌ಸ್ಪೆಕ್ಟರ್ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದಳು. ಎಂಜಿನ್ನಿನ ದನಿ ಏರಿತು, ಇನ್ನೊಂದಿಷ್ಟು ಏರಿತು, ಮತ್ತು ದೊಡ್ಡಮ್ಮನ ಬೆರಳ ನಡುವಿನ ದೀಪ, ಉಫ್ ಎಂದು ಊದಿದಂತೆ, ಆರಿಹೋಯಿತು. ಬ್ಯಾಟರಿಗೆ ಸಿಕ್ಕಿಸಿಟ್ಟ ಮೀಟರಿನಲ್ಲಿ ಅಂಕಿ ಓಡಿತು. ಹದಿಮೂರು. ಹದಿಮೂರೂವರೆ. ಹದಿನಾಲ್ಕು. ನೆತ್ತಿಯ ತಿರುಗುವ ದೀಪ ಇಡೀ ಶೆಡ್ಡಿನ ಗೋಡೆಗೆ ನೀಲಿ ಬಳಿಯಿತು.

ಮಲಗಿದ ದೈತ್ಯನೊಬ್ಬನಿದ್ದನಂತೆ, ಏಳು ಊರಿನವರು ಕೊಂಬು ಕಹಳೆ ಊದಿದರೂ ಏಳದವನು, ಹಣೆಯ ಮೇಲೆ ಒಂದು ಮಿಂಚುಹುಳ ಬಂದು ಕುಳಿತರೆ ಎದ್ದು ಕೂರುತ್ತಿದ್ದನಂತೆ. ಅಜ್ಜಿ ಹೇಳುತ್ತಿದ್ದ ಆ ಕಥೆಯನ್ನು ಸಬ್ ಇನ್‌ಸ್ಪೆಕ್ಟರ್ ಇಷ್ಟು ವರ್ಷ ಮರೆತೇಬಿಟ್ಟಿದ್ದಳು. ಗ್ರೀಸು ಮೆತ್ತಿದ ಆ ಮುದಿ ಬೆರಳುಗಳು ಈಗ ಅದನ್ನೇ ಕಣ್ಣ ಮುಂದೆ ಮಾಡಿ ತೋರಿಸಿದ್ದವು. ಇವಳು ನಮ್ಮ ದೊಡ್ಡಮ್ಮ ಎಂದು ಅಲ್ಲಿದ್ದ ಕಂಬಕ್ಕಾದರೂ ಹೇಳಬೇಕೆನಿಸಿತು.

ಮೇಸ್ತ್ರಿ ಮೀಟರನ್ನು ನೋಡಿದ, ದೊಡ್ಡಮ್ಮನನ್ನು ನೋಡಿದ, ಬೆಂಚಿನ ಮೇಲೆ ಬಿಚ್ಚಿಟ್ಟ ಹಳೆಯ ಆಲ್ಟರ್ನೇಟರನ್ನು ನೋಡಿದ. "ಹಾಗಾದ್ರೆ ಅದೂ ಚೆನ್ನಾಗೇ ಇತ್ತು," ಎಂದ. ದೊಡ್ಡ ದನಿ ಎಲ್ಲೋ ಹೋಗಿತ್ತು.

"ಚೆನ್ನಾಗೇ ಇತ್ತು."

"ಈ ವೈರು ಯಾರಾದ್ರೂ ಕತ್ತರಿಸಿದ್ದಾರಾ ದೊಡ್ಡಮ್ಮ?"

"ಊಹೆ ಬೇಡ, ನಡೆದು ನೋಡೋಣ."

ಸಣ್ಣ ವೈರಿನ ಒಂದು ತುದಿಗೆ ಮೀಟರಿನ ಕಡ್ಡಿ ಸಿಕ್ಕಿಸಿ, ಇನ್ನೊಂದು ಕಡ್ಡಿಗೆ ಉದ್ದ ತಂತಿ ಕಟ್ಟಿ ಸಬ್ ಇನ್‌ಸ್ಪೆಕ್ಟರ ಕೈಗೆ ಕೊಟ್ಟಳು. ಆ ವೈರು ಬ್ಯಾಟರಿಯ ಪಕ್ಕ ಹಾದು, ರಬ್ಬರ್ ಬಿಲ್ಲೆಯ ತೂತಿನಿಂದ ಒಳನುಗ್ಗಿ, ಪೆಡಲುಗಳ ಮೇಲೆ ಹತ್ತಿ ಡ್ಯಾಶ್‌ಬೋರ್ಡಿನ ಬೆನ್ನಿಗೆ ಹೋಗುತ್ತಿತ್ತು. ಒಂದೊಂದು ತಿರುವಿನಲ್ಲೂ ದೊಡ್ಡಮ್ಮ ಬೆರಳ ಉಗುರಲ್ಲಿ ಅದನ್ನು ಅಮುಕಿ, ಬಾಗಿಸಿ, ಎಳೆದು ನೋಡಿದಳು. ಕಾಯಿಲೆ ಬಿದ್ದ ಮಗುವಿನ ಮೈ ಸವರುವಂತೆ ಸವರಿದಳು. ಡ್ಯಾಶ್‌ಬೋರ್ಡಿನ ಹಿಂದಿನ ತುದಿಗೆ ಸಬ್ ಇನ್‌ಸ್ಪೆಕ್ಟರ್ ತಂತಿ ಮುಟ್ಟಿಸಿದಾಗ ಮೀಟರು ಕೀಂಯ್ ಎಂದು ಕೂಗಿತು.

"ವೈರು ಇಡಿಯಾಗಿದೆ. ಉಳಿದಿದ್ದು ಕೆಂಪು ದೀಪ ಒಂದೇ."

ಮೇಸ್ತ್ರಿ ಹುಬ್ಬು ಗಂಟಿಕ್ಕಿದ. ದೊಡ್ಡಮ್ಮ ಅವನತ್ತ ನೋಡದೆ ರೇಡಿಯೋನನ್ನು ಕರೆದಳು. "ನಿನ್ನ ಟ್ರಿಪ್ ಪುಸ್ತಕ ತಾ ಮಗಾ. ಸೋಮವಾರದಿಂದ ಓದು."

ರೇಡಿಯೋ ಓದಿದ. ಸೋಮವಾರ ಐದು ಟ್ರಿಪ್ಪು. ಮಂಗಳವಾರ ಬೆಳಗ್ಗೆ ಎರಡು ಟ್ರಿಪ್ಪು, ಒಟ್ಟು ನಾಲ್ಕು ಗಂಟೆಯ ಓಟ. ಮಧ್ಯಾಹ್ನ ಒಂದರಿಂದ ನಾಲ್ಕು ತೊಳೆಯುವ ಕಟ್ಟೆಯ ಬಳಿ ನಿಂತಿತ್ತು. ಸಂಜೆ ಒಂದು ಗಂಟೆಯ ಓಟ. ಬುಧವಾರ ಬೆಳಗ್ಗೆ ಒಂದು ಗಂಟೆ ಹತ್ತು ನಿಮಿಷದ ಓಟ. ಆಮೇಲೆ ಸರ್ವೇಯರದ್ದು, ಐವತ್ತು ನಿಮಿಷಕ್ಕೆ ನಿಂತಿತು.

"ಎಲ್ಲ ಟ್ರಿಪ್ಪಲ್ಲೂ ಹೆಡ್‌ಲೈಟ್, ಸೈರನ್, ಮೇಲಿನ ದೀಪ, ಫ್ಯಾನು?"

"ಎಲ್ಲ ಅಮ್ಮ. ರೋಗಿ ಇದ್ದ ಮೇಲೆ ಎಲ್ಲ."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ತುಟಿ ಅಲುಗಿತು. "ಈ ಬ್ಯಾಟರಿ ಅಷ್ಟು ಹೊರೆಯನ್ನ ಒಬ್ಬನೇ ಹೊತ್ರೆ ಹೆಚ್ಚು ಕಮ್ಮಿ ಮೂರು ಗಂಟೆ ಹೊರುತ್ತೆ, ಅದಕ್ಕಿಂತ ಜಾಸ್ತಿ ಇಲ್ಲ. ಕೊನೇ ಮೂರು ಓಟ ಸೇರಿಸಿದ್ರೆ ಸರಿಯಾಗಿ ಮೂರು ಗಂಟೆ. ಮಂಗಳವಾರ ಬೆಳಗಿನ ನಾಲ್ಕು ಗಂಟೆ ಓಟ ಅದರ ಜೊತೆ ಸೇರೋಕೆ ಆಗಲ್ಲ, ಸೇರಿದ್ರೆ ಗಾಡಿ ಅವತ್ತೇ ನಿಲ್ತಿತ್ತು. ಬೇಕಂತ ಕೆಡಿಸಿದ್ದಾದ್ರೆ, ಮಂಗಳವಾರ ಒಂದರಿಂದ ನಾಲ್ಕರ ಒಳಗೆ ಯಾರೋ ಈ ಗಾಡಿ ಒಳಗೆ ಕೂತಿದ್ರು."

"ಎಲ್ಲಿ ನಿಲ್ಲುತ್ತೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?"

"ಎಲ್ಲಿ ಅಂತ ಗೊತ್ತಿರಬೇಕಾಗಿಲ್ಲ. ನಿಲ್ಲುತ್ತೆ ಅಂತ ಗೊತ್ತಿದ್ರೆ ಸಾಕು. ಹಿಂದೆ ಒಂದು ಗಾಡೀಲಿ ಬರ್ತಾ ಇದ್ರಾಯ್ತು."

ಸರ್ವೇಯರನ್ನು ಬುಧವಾರ ಸಾಗಿಸುವುದೆಂದು ಸೋಮವಾರವೇ ತೀರ್ಮಾನವಾಗಿತ್ತು. ಸಬ್ ಇನ್‌ಸ್ಪೆಕ್ಟರ್ ಮೇಸ್ತ್ರಿಯ ಕಡೆ ತಿರುಗಿದಳು. ಈ ಶೆಡ್ಡಿನಲ್ಲಿ ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಯಾವ ಗಾಡಿಯೊಳಗೆ ಕುಳಿತರೂ ಯಾರೂ ತಿರುಗಿ ನೋಡದ ಮನುಷ್ಯ ಒಬ್ಬನೇ.

"ಮಂಗಳವಾರ ಒಂದರಿಂದ ನಾಲ್ಕು ನೀವೆಲ್ಲಿದ್ರಿ ಮೇಸ್ತ್ರಿಗಳೇ?"

"ಎಲ್ಲಿರ್ತೀನಿ? ಇಲ್ಲೇ."

"ಈ ಗಾಡಿ ಒಳಗೆ ಹತ್ತಿದ್ರಾ?"

"ಹತ್ತಿರಬಹುದು. ದಿನಾ ಹತ್ತು ಸಲ ಹತ್ತಿ ಇಳೀತೀನಿ. ಯಾಕೆ ಮೇಡಂ, ಈಗ ನಾನಾ?"

"ಗಾಡಿ ತಾನಾಗಿ ನಿಲ್ಲಲ್ಲ ಅಂತ ಬರ್ಕೊಟ್ಟೋರು ನೀವು. ಇರೋ ಡೈನಮೋ ಚೆನ್ನಾಗಿದ್ರೂ ಬಿಚ್ಚಿ ಪಕ್ಕಕ್ಕಿಟ್ಟೋರು ನೀವು. ಡ್ರೈವರ್ ಮೇಲೆ ಗೂಬೆ ಕೂರಿಸಿ ನೀವು ಹಿಂದಿಂದ—"

"ಪುಟ್ಟಿ," ಎಂದಳು ದೊಡ್ಡಮ್ಮ.

ಮೇಸ್ತ್ರಿಯ ಮುಖ ಕಪ್ಪಿಟ್ಟಿತ್ತು. ಹೆಗಲ ಬಟ್ಟೆಯನ್ನು ತೆಗೆದು ಮುದ್ದೆ ಮಾಡಿ ಹಿಡಿದಿದ್ದ. "ಗೊತ್ತಿಲ್ಲದೆ ತಪ್ಪು ಮಾಡಿರಬಹುದು ಮೇಡಂ. ರೋಗಿ ಮಲಗಿರೋ ಗಾಡಿಗೆ ಕೈ ಹಾಕಿ ಕೆಡಿಸೋ ಜಾತಿ ಅಲ್ಲ ನಾನು."

ದೊಡ್ಡಮ್ಮ ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ, ಗಾಜಿನ ಚೌಕಟ್ಟನ್ನು ಮುಂದಕ್ಕೆ ಬಾಗಿಸಿದ್ದಳು. ಹಿಂದೆ ಏಳೆಂಟು ಪುಟ್ಟ ಬಲ್ಬುಗಳು ತಮ್ಮ ತಮ್ಮ ಗೂಡಿನಲ್ಲಿದ್ದವು. ಎಲ್ಲದರ ಮೇಲೂ ವರ್ಷಗಳ ಧೂಳು ಹೊದಿಕೆಯಂತೆ ಕೂತಿತ್ತು. ಒಂದು ಗೂಡು ಮಾತ್ರ ಒರೆಸಿದಂತೆ ಹೊಳೆಯುತ್ತಿತ್ತು. ಅವಳು ಆ ಬಲ್ಬನ್ನು ತಿರುಗಿಸಿ ತೆಗೆದು ಬೆಳಕಿಗೆ ಹಿಡಿದಳು. ಒಳಗಿನ ಕೂದಲೆಳೆಯಂಥ ತಂತಿ ತುಂಡಾಗಿತ್ತು. ಗಾಜಿಗೆ ಹೊಗೆ ಹಿಡಿದಿತ್ತು.

ಅದನ್ನು ಮೇಸ್ತ್ರಿಯ ಅಂಗೈಗಿಟ್ಟಳು. "ಈ ಬಲ್ಬು ಕೆಟ್ಟು ಹೋದ್ರೆ ಗಾಡಿಗೆ ಏನಾಗುತ್ತೆ, ನೀವೇ ಹೇಳಿ."

"ಏನಾಗುತ್ತೆ? ದೀಪ ಬರಲ್ಲ."

"ಇನ್ನೇನು?"

"ಅಷ್ಟೇ. ಅದು ಬರೀ ತೋರಿಸೋ ದೀಪ ಅಲ್ವಾ? ಬೆಂಕಿ ಬಿದ್ರೆ ಗಂಟೆ ಹೊಡೆಯೋನ ಥರ. ಗಂಟೆ ಹೊಡೆಯೋನು ರಜಾ ಹಾಕಿದ್ರೆ ಬೆಂಕಿಗೇನು?" ಹೇಳುತ್ತ ಹೇಳುತ್ತ ಅವನ ದನಿ ನಿಧಾನವಾಯಿತು. ಮೀಟರಿನ ಕಡೆ, ದೊಡ್ಡಮ್ಮನ ಚೀಲದ ಮೇಲೆ ಬಿದ್ದಿದ್ದ ಆ ಗೋಲಿ ದೀಪದ ಕಡೆ ಅವನ ಕಣ್ಣು ಹೋಯಿತು. "ಅಂದ್ರೆ, ಎಬ್ಬಿಸೋ ಆ ಚಿಟಿಕೆ ಕರೆಂಟ್..."

"ಈ ಬಲ್ಬಿನ ಹೊಟ್ಟೆ ಒಳಗಿಂದಾನೇ ಹೋಗ್ಬೇಕು. ಬೇರೆ ದಾರಿ ಇಲ್ಲ."

ಮೇಸ್ತ್ರಿ ಮುಖವನ್ನು ಬಟ್ಟೆಯಿಂದ ಒರೆಸಿಕೊಂಡ. "ಮೂವತ್ತು ವರ್ಷ," ಎಂದ. "ಎಷ್ಟು ಡೈನಮೋ ಸುಮ್‌ಸುಮ್ಮನೆ ಬಿಚ್ಚಿ ಎಸೆದಿದ್ದೀನೋ ನಾನು." ಒಂದು ಸ್ಟೂಲು ಎಳೆದು ತಂದು, ಒರೆಸಿ, ದೊಡ್ಡಮ್ಮನ ಹಿಂದೆ ಇಟ್ಟ. "ಕೂತ್ಕೊಳ್ಳಿ ಅಮ್ಮ. ಆಗಿಂದ ನಿಂತೇ ಇದ್ದೀರ."

ದೊಡ್ಡಮ್ಮ ಕುಳಿತಳು. "ಇವರಲ್ಲ ಪುಟ್ಟಿ," ಎಂದಳು.

"ನಾಟಕ ಇರಬಹುದಲ್ಲ?"

"ಬಲ್ಬಿನ ಗುಟ್ಟು ಗೊತ್ತಿದ್ದೋನು ಮೂರು ಗಂಟೆ ಬೆನ್ನು ಬಗ್ಗಿಸಿ ಡೈನಮೋ ಬದಲಾಯಿಸ್ತಾನಾ? ಮಾಡಿದೋನು ಇವರೇ ಆಗಿದ್ರೆ ರಾತ್ರಿ ಗಾಡಿ ಇವರ ಕೈಲೇ ಇತ್ತು. ಒಳ್ಳೇ ಬಲ್ಬು ಹಾಕಿ ಇದನ್ನ ಚರಂಡಿಗೆ ಎಸೆದಿದ್ರೆ ನಾವು ಇವತ್ತು ಇಲ್ಲಿ ಏನನ್ನ ಹುಡುಕ್ತಿದ್ವಿ?"

ಸಬ್ ಇನ್‌ಸ್ಪೆಕ್ಟರ್ ಮೇಸ್ತ್ರಿಯ ಕಡೆ ತಿರುಗಿ, "ತಪ್ಪಾಯ್ತು," ಎಂದಳು. ಅವನು ಕೈ ಅಲ್ಲಾಡಿಸಿದ. ರೇಡಿಯೋ ವಿರುದ್ಧ ತಾನು ಬರೆದುಕೊಟ್ಟ ಕಾಗದ ನೆನಪಾಗಿರಬೇಕು, ನೇರ ಹೋಗಿ ಅವನ ಪಕ್ಕದ ಟೈರಿನ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ರೇಡಿಯೋನೇ ಮಾತು ಶುರು ಮಾಡಿದ.

ಗಂಟೆ ಮೂರೂ ಇಪ್ಪತ್ತು.

"ಹಾಗಾದ್ರೆ ಗುಟ್ಟು ಗೊತ್ತಿದ್ದೋರು ಮಾಡಿದ್ದಾರೆ," ಎಂದಳು ಸಬ್ ಇನ್‌ಸ್ಪೆಕ್ಟರ್. "ಅಂಥೋರು ಎಷ್ಟು ಜನ ಇರ್ತಾರೆ ದೊಡ್ಡಮ್ಮ? ನಮಗೆ ಪಟ್ಟಿ ಮಾಡೋಕಾಗುತ್ತಾ?"

ದೊಡ್ಡಮ್ಮ ಕನ್ನಡಕವನ್ನು ಹಣೆಗೇರಿಸಿ, ಬಲ್ಬನ್ನು ಕಣ್ಣಿಗೆ ತೀರ ಹತ್ತಿರ ಹಿಡಿದಿದ್ದಳು. ಅದರ ಹಿತ್ತಾಳೆಯ ತಳವನ್ನು ಹೆಬ್ಬೆರಳಿನಿಂದ ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು. ಬೆಳಕಿಗೆ ತಿರುಗಿಸಿ ಮತ್ತೆ ನೋಡಿದಳು.

"ಏನಾಯ್ತು?"

"ಇಲ್ಲಿ ಬಾ."

ತಳದ ಅಂಚಿನಲ್ಲಿ ಅರದಿಂದ ಕೊರೆದ ಮೂರು ಗೀಟುಗಳಿದ್ದವು. ಒತ್ತೊತ್ತಾಗಿ, ಒಂದೇ ಅಳತೆಯವು.

"ನಿನಗೆ ಹೇಳಿಲ್ಲ ಅನ್ಸುತ್ತೆ," ಎಂದಳು ದೊಡ್ಡಮ್ಮ. ದನಿ ಟೈರಿನವರೆಗೆ ಮುಟ್ಟದಷ್ಟು ಸಣ್ಣಗಿತ್ತು. "ಕೆಲಸ ಕಲಿಯೋಕೆ ಬಂದೋರು ಮೊದಲನೇ ದಿನ ತಪ್ಪು ವೈರು ಕೊಟ್ಟು ಒಂದು ಬಲ್ಬು ಸುಟ್ಟೇ ಸುಡ್ತಾರೆ. ಆ ಬಲ್ಬು ನಾನು ಎಸೀತಿರಲಿಲ್ಲ. ಅದರ ಮೇಲೆ ಗೀಟು ಹಾಕಿ ಎತ್ತಿಡ್ತಿದ್ದೆ. ಮೊದಲನೇ ಶಿಷ್ಯನಿಗೆ ಒಂದು, ಎರಡನೆಯವನಿಗೆ ಎರಡು. ಕೆಲಸ ಪೂರ್ತಿ ಕಲಿತು ಹೋಗೋವಾಗ ಕೈಗೆ ಕೊಡ್ತಿದ್ದೆ. ನಿನ್ನ ಮೊದಲನೇ ತಪ್ಪು, ಜೇಬಲ್ಲಿಟ್ಕೋ ಅಂತ."

"ಎಷ್ಟು ಜನಕ್ಕೆ ಕಲಿಸಿದ್ದೀರ?"

"ಮೂರೇ ಜನ. ಮೊದಲನೇದು ನಿಮ್ಮ ದೊಡ್ಡಪ್ಪನದು. ಅದು ಅವರ ಜೊತೆಗೇ ಹೋಯ್ತು, ಚಿತೆಗೆ ನಾನೇ ಇಟ್ಟೆ. ಎರಡನೆಯವನು ಕಡಲು ದಾಟಿ ಹೋಗಿ ಹದಿನೈದು ವರ್ಷ ಆಯ್ತು."

"ಮೂರನೇದು?"

ದೊಡ್ಡಮ್ಮ ಅವಳ ಮುಖ ನೋಡಿದಳು.

"ನಿಮ್ಮಪ್ಪನದು, ಪುಟ್ಟಿ. ನಿಮ್ಮಮ್ಮನ್ನ ಮದುವೆ ಆದ ಹೊಸದರಲ್ಲಿ ಒಂದು ವರ್ಷ ನನ್ನ ಅಂಗಡೀಲಿದ್ದ."

ಶೆಡ್ಡಿನ ತಗಡಿನ ಮಾಡು ಬಿಸಿಲಿಗೆ ಟಕ್ ಎಂದು ಸದ್ದು ಮಾಡಿತು. ಸಬ್ ಇನ್‌ಸ್ಪೆಕ್ಟರ್ ಆ ಗೀಟುಗಳನ್ನು ಮತ್ತೊಮ್ಮೆ ಎಣಿಸಿದಳು. ಅಪ್ಪ. ಇರುವೆ ಕಂಡರೆ ಕಾಲು ಎತ್ತಿಡುವ ಅಪ್ಪ. ಭಾನುವಾರ ಮಧ್ಯಾಹ್ನ ಆ ಸರ್ವೇಯರ ಜೊತೆಗೇ ಕುಳಿತು ಚದುರಂಗ ಆಡುವ ಅಪ್ಪ.

"ಸುಟ್ಟ ಬಲ್ಬು ಯಾವ ಕಸದ ಬುಟ್ಟೀಲಾದ್ರೂ ಸಿಗುತ್ತೆ," ಎಂದಳು ದೊಡ್ಡಮ್ಮ. "ಇದನ್ನೇ ತಂದು ಯಾಕೆ ಹಾಕಿದ್ರು ಅನ್ನೋದು ನನಗೆ ಅರ್ಥ ಆಗ್ತಿಲ್ಲ. ಅವನೇ ಹಾಕಿದ್ನೋ, ಅವನ ಹತ್ತಿರದಿಂದ ಯಾರಾದ್ರೂ ತಗೊಂಡ್ರೋ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರು.

"ಹೇಳಿ. ಜೀಪು ಹೊರಟಿದೆ. ಏನು ಸಿಕ್ತು?"

"ಗಾಡಿ ಚಾರ್ಜ್ ಇಲ್ದೆ ತಾನಾಗೇ ನಿಂತಿದೆ ಸರ್. ಡ್ಯಾಶ್‌ಬೋರ್ಡಲ್ಲಿ ಸುಟ್ಟ ಬಲ್ಬು ಇತ್ತು. ಅದರಿಂದಾನೇ."

"ಬಲ್ಬು ಸುಡೋದು ಸಹಜ ಕಣಮ್ಮ. ದೀಪ ನೋಡ್ಕೊಳ್ಳೋದು ಡ್ರೈವರ್ ಕೆಲಸ. ಸುಟ್ಟಿದ್ದು ನೋಡ್ದೆ ರೋಗೀನ ಕರ್ಕೊಂಡು ಹೋದ್ರೆ ಆಗ್ಲೂ ಒಳಗೇ. ಬೇರೆಯವರು ಬೇಕಂತ ಹಾಕಿದ್ದು ಅನ್ನೋದಕ್ಕೆ ಏನಾದ್ರೂ ಗುರುತಿದ್ಯಾ? ಇದ್ರೆ ಡ್ರೈವರನ್ನ ಬಿಡಿ. ಇಲ್ಲದಿದ್ರೆ ಜೀಪಿಗೆ ಹತ್ತಿಸಿ."

ಅವಳು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದಳು. ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಅಂಗೈ ಮೇಲೆ ಬಲ್ಬು ಇತ್ತು. ಚೀಲದ ಬಾಯಿಂದ ಅರದ ಹಿಡಿ ಇಣುಕುತ್ತಿತ್ತು. ಆ ಮೂರು ಗೀಟನ್ನು ಉಜ್ಜಿ ಹಾಕಲು ಒಂದು ನಿಮಿಷ ಸಾಕು. ದೊಡ್ಡಮ್ಮ ಅರದ ಕಡೆಗೂ ನೋಡಲಿಲ್ಲ, ಬಲ್ಬಿನ ಕಡೆಗೂ ನೋಡಲಿಲ್ಲ. ಅಂಗೈಯನ್ನು ಮಾತ್ರ ಮುಂದೆ ಚಾಚಿದಳು, ತಗೊಳ್ಳುವುದಾದರೆ ತಗೋ ಎಂಬಂತೆ.

ಆಚೆ ಟೈರಿನ ಮೇಲೆ ರೇಡಿಯೋ ಮೇಸ್ತ್ರಿಗೆ ಏನೋ ಹೇಳುತ್ತಿದ್ದ. ಅವನಿಗೆ ಇದಾವುದೂ ಗೊತ್ತಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಬಲ್ಬನ್ನು ಎತ್ತಿ ಲಕೋಟೆಗೆ ಹಾಕಿದಳು.

"ಗುರುತಿದೆ ಸರ್," ಎಂದಳು ಫೋನಿಗೆ. "ಅರದಿಂದ ಹಾಕಿದ ಮೂರು ಗೀಟು. ಇದು ಆ ಗಾಡಿಯ ಬಲ್ಬಲ್ಲ. ಮಂಗಳವಾರ ಮಧ್ಯಾಹ್ನ ಬೇರೆಯವರು ತಂದು ಹಾಕಿದ್ದು. ಡ್ರೈವರನ್ನ ಬಿಡ್ತಿದ್ದೀನಿ."

"ಯಾರ ಗುರುತು ಅಂತ ಗೊತ್ತಾಯ್ತಾ?"

"ಗೊತ್ತಾಗಿದೆ. ಬರೆದು ಕೊಡ್ತೀನಿ ಸರ್."

ಫೋನಿಟ್ಟು ಲಕೋಟೆಯ ಮೇಲೆ ದಿನ, ಗಂಟೆ, ಸ್ಥಳ ಬರೆದಳು. ಸಾಕ್ಷಿಯ ಜಾಗದಲ್ಲಿ ದೊಡ್ಡಮ್ಮ ದುಂಡಗೆ ರುಜು ಹಾಕಿದಳು. ಮೇಸ್ತ್ರಿ ಎರಡನೆಯ ಸಾಕ್ಷಿ. ರೇಡಿಯೋಗೆ ಹೋಗಬಹುದು ಎಂದಾಗ ಅವನು ಹೋಗಲಿಲ್ಲ. ದೊಡ್ಡಮ್ಮನ ಮುಂದೆ ಬಂದು ಅವಳ ಚೀಲವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ.

ಸಬ್ ಇನ್‌ಸ್ಪೆಕ್ಟರ್ ಶೆಡ್ಡಿನ ಹೊರಗೆ ಬಂದು ಮನೆಗೆ ಫೋನ್ ಮಾಡಿದಳು. ಅಪ್ಪನ ಬಾಯಿಂದಲೇ ಕೇಳಬೇಕಿತ್ತು. ಪೊಲೀಸಾಗಿ ಕೇಳುವುದೋ, ಮಗಳಾಗಿ ಕೇಳುವುದೋ, ಅದು ಮಾತ್ರ ಇನ್ನೂ ತಿಳಿದಿರಲಿಲ್ಲ.

ಎತ್ತಿದ್ದು ಅಮ್ಮ.

"ಅಪ್ಪನಿಗೆ ಕೊಡಮ್ಮ."

"ಅಪ್ಪನಿಗಾ?" ಅಮ್ಮ ನಕ್ಕಳು. "ನಿನ್ನ ಹತ್ತಿರಾನೇ ಇದ್ದಾರಲ್ಲೇ. ಬೆಳಗ್ಗೆ ಹತ್ತಕ್ಕೇ ಹೊರಟ್ರು. ಮಗಳಿಗೆ ಒಂದು ವಿಷಯ ಹೇಳ್ಬೇಕು, ಠಾಣೆಗೇ ಹೋಗಿ ಹೇಳ್ತೀನಿ ಅಂತ ಚಪ್ಪಲಿ ಹಾಕ್ಕೊಳ್ತಿದ್ರು, ಅಷ್ಟರಲ್ಲಿ ನೀನು ಕಳಿಸಿದ ಕಾರೂ ಬಂತು."

"ಯಾವ ಕಾರು?"

"ಅದೇ, ಬಿಳೀದು. ಸಬ್ ಇನ್‌ಸ್ಪೆಕ್ಟರ್ ಮೇಡಂ ಕಳಿಸಿದ್ದಾರೆ, ಬನ್ನಿ ಅಂತ ಅವನು ಬಾಗಿಲು ತೆಗೆದು ಹಿಡಿದ. ಒಳ್ಳೇ ಹುಡುಗ, ನನಗೂ ನಮಸ್ಕಾರ ಮಾಡಿದ. ಯಾಕೆ ಪುಟ್ಟಿ, ಇನ್ನೂ ಬಂದಿಲ್ವಾ?"

ಅವಳು ಯಾರಿಗೂ ಕಾರು ಕಳಿಸಿರಲಿಲ್ಲ.